ಊರ ಮಂದಿ ಕೂಡಿ ಮಕ್ಕಳ ಓದು ಸುಧಾರಿಸೋದು ಹೆಂಗ? ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ದು ಕೊಪ್ಪಳ ಜಿಲ್ಲೆ ಕುಷ್ಟಗಿ ಕಡೆ ಒಂದು ಸಣ್ಣ ಊರು. ನಾಲ್ಕು ವರ್ಷದಿಂದ ಊರವ್ರೇ ಕೂಡಿ ಸಂಜಿಕ ಸಾಲಿ ಮಕ್ಕಳಿಗೆ ಓದು, ಲೆಕ್ಕ ಕಲಸಾಕ ಹತ್ತೀವಿ. ಸುತ್ತಲಿನ ಊರವ್ರು, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವ್ರು ಫೋನ್ ಮಾಡಿ ಕೇಳ್ತಿರ್ತಾರ, ಬಹಳ ಸಲ ಅವೇ ಪ್ರಶ್ನೆ ಬರ್ತಾವ, ಹಂಗಾಗಿ ಎಲ್ಲಾ ಒಂದ ಕಡೆ ಬರ್ದೀನಿ. ನಮಗ ತಿಳಿದಷ್ಟು ಹೇಳೀನಿ, ನಿಮ್ಮೂರಿಗೆ ಯಾವುದು ಹೊಂದ್ತೈತೋ ಅದನ್ನ ತಗೊಳ್ರಿ.

ಇದು ಟ್ಯೂಷನ್ನಾ?

ಅಲ್ರಿ. ಟ್ಯೂಷನ್‌ಗೆ ಫೀ ಕೊಡೋರ ಮಕ್ಳು ಅಷ್ಟ ಬರ್ತಾವ. ಇಲ್ಲಿ ಫೀ ಇಲ್ಲ, ಯಾರ ಮನಿ ಮಗು ಆದ್ರೂ ಬರಬಹುದು. ಸಾಲಿ ಪಾಠಾನ ಮತ್ತೊಮ್ಮೆ ಒದರಿ ಹೇಳೋದೂ ಅಲ್ಲ, ಹೋಮ್‌ವರ್ಕ್ ಮಾಡಿಸೋದೂ ಅಲ್ಲ. ಐದನೇತ್ತಕ್ಕ ಬಂದ್ರೂ ಓದಾಕ ಬರದ ಮಗುವಿಗೆ ಓದಾಕ ಕಲಸೋದು, ಕಳೆಯೋ ಲೆಕ್ಕ, ಭಾಗಾಕಾರ ಬರದವ್ರಿಗೆ ಅದನ್ನ ಕಲಸೋದು. ದಿನಾ ಸಂಜಿ ಆರೂವರಿಯಿಂದ ಎಂಟರ ತನ, ಅಷ್ಟ.

ಸರ್ಕಾರಿ ಸಾಲಿ ಐತಿ, ಮಾಸ್ತರಿಗೆ ಪಗಾರ ಐತಿ, ನಾವ್ಯಾಕ ಮಾಡ್ಬೇಕು?

ಈ ಪ್ರಶ್ನೆ ಕೇಳದ ಊರಿಲ್ಲ, ಕೇಳೋದು ತಪ್ಪೂ ಅಲ್ಲ. ಮಕ್ಕಳಿಗೆ ಓದು ಕೊಡೋದು ಸರ್ಕಾರದ ಜವಾಬ್ದಾರಿನ ಐತಿ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಅದು ಹಕ್ಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆನ ಹೇಳ್ತೈತಿ. ಅದನ್ನ ಬಿಟ್ಟುಕೊಡ್ರಿ ಅಂತ ನಾನು ಹೇಳಂಗಿಲ್ಲ. ಮಾಸ್ತರ್ ಕಡಿಮಿ ಇದ್ರ ಕೇಳ್ಬೇಕು, ಅರ್ಜಿ ಕೊಡ್ಬೇಕು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಕುಂದರ್ಬೇಕು. ಕಿರಿಯ ಪ್ರಾಥಮಿಕ ಸಾಲ್ಯಾಗ 60 ಮಕ್ಕಳ ತನ ಇಬ್ಬರು ಶಿಕ್ಷಕರು, 61 ಆತು ಅಂದ್ರ ಮೂವರು ಬೇಕು ಅಂತ ಕಾಯ್ದೆಯೊಳಗ ಐತಿ, ಆ ಲೆಕ್ಕ ಬಾಯಿಪಾಠ ಇಟ್ಕೊಂಡು ಹೋಗ್ರಿ.

ಆದ್ರ ಮಾಸ್ತರ್ ಬರೋ ತನ ಮೂರನೇತ್ತಿನ ಹುಡುಗಿ ಮೂರನೇತ್ತಿನ್ಯಾಗ ನಿಲ್ಲಂಗಿಲ್ಲಲ್ರಿ, ಮುಂದ ಹೋಗ್ಬಿಡ್ತಾಳ, ಓದಾಕ ಬರದನ ಹೋಗ್ತಾಳ. 2011ರ ಜನಗಣತಿಯೊಳಗ ನಮ್ಮ ಕೊಪ್ಪಳ ಜಿಲ್ಲೆ ಸಾಕ್ಷರತೆ ನೂರಕ್ಕ 68, ರಾಯಚೂರಿಂದು 60ರ ಒಳಗ, ಅದರಾಗ ರಾಯಚೂರಿನ ಹೆಣ್ಮಕ್ಕಳದು ಅರ್ಧಕ್ಕಿಂತ ಕಡಿಮಿ. ಆ ಲೆಕ್ಕದಾಗ ಓದು ಬರದ ಹುಡುಗ್ಯಾರು ಅಂತ ಬಂದವ್ರು ಈಗ ಅವ್ವಂದಿರು ಆಗ್ಯಾರ, ಅವರ ಮಕ್ಳೇ ಈಗ ನಮ್ಮ ಮುಂದ ಪಾಟಿ ಹಿಡ್ಕೊಂಡು ಕುಂತಾವ.

ಇನ್ನ ನಮ್ಮ ಕೈಲಿ ಆಗಲ್ಲ ಅನ್ನೋ ಮಾತು. ಕೊಪ್ಪಳದ ಗವಿಮಠದ ಜಾತ್ರಿ ನೆನಪು ಮಾಡ್ಕೊಳ್ರಿ. ಜನವರಿ ಬಂತಂದ್ರ ಯಾರೂ ಒತ್ತಾಯ ಮಾಡದಂಗ ಓಣಿ ಓಣಿ ಹೆಣ್ಮಕ್ಳು ಕುಂತು ಜ್ವಾಳದ ರೊಟ್ಟಿ ಬಡಿತಾರ, ಟ್ರ್ಯಾಕ್ಟರ್ ತುಂಬಿ ದಾಸೋಹಕ್ಕ ಕಳಸ್ತಾರ, ಲಕ್ಷಗಟ್ಟಲೆ ರೊಟ್ಟಿ ಕೂಡ್ತಾವ. 2019ರಾಗ ಹಿರೇಹಳ್ಳದ ಹೂಳು ತೆಗದದ್ದೂ ಹಂಗ, ಗವಿಮಠದ ಶ್ರೀಗಳು ಹಳ್ಳಕ್ಕ ಇಳದ್ರು, ಮಂದಿ ಬೆನ್ನ ಹಿಂದ ಇಳದ್ರು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹಳ್ಳ ಸ್ವಚ್ಛ ಆತು. ಅದ ಮಂದಿ ನಾವು. ನಮ್ಮೂರಾಗ ಮೊದಲ ಮೀಟಿಂಗ್‌ನ್ಯಾಗ ಒಬ್ಬ ಅಜ್ಜಿ ಎದ್ದು ನಿಂತು, ಜಾತ್ರಿಗೆ ಮನಿಗೆ ಐವತ್ತು ರೊಟ್ಟಿ ಕೊಡ್ತೀವಿ, ಸಾಲಿಗೆ ದಿನಾ ಒಂದ್ ತಾಸು ಕೊಡಾಕ ಏನಾಗೈತಿ ಅಂದ್ಲು, ಆಮೇಲೆ ಯಾರೂ ತಿರುಗಿ ಮಾತಾಡ್ಲಿಲ್ಲ, ಅವತ್ತ ಶುರು ಆತು.

ಮೊದಲನೇ ದಿನ ಏನ್ ಮಾಡ್ಬೇಕು?

ಪಾಠ ಮಾಡಬ್ಯಾಡ್ರಿ. ಒಂದೊಂದ ಮಗುನ ಪಕ್ಕಕ್ಕ ಕುಂದ್ರಸ್ಕೊಂಡು ಎಲ್ಲಿ ಐತಿ ಅಂತ ನೋಡ್ರಿ. ಒಂದು ಹಾಳಿ ಮ್ಯಾಲ ಬಿಡಿ ಅಕ್ಷರ, ಅದರ ಕೆಳಗ ಸಣ್ಣ ಪದ, ಆಮೇಲೆ ನಾಲ್ಕು ಸಾಲಿನ ಪ್ಯಾರಾ, ಕೊನೆಗೆ ಎರಡನೇತ್ತಿನ ಮಟ್ಟದ ಸಣ್ಣ ಕಥಿ. ಎಲ್ಲಿಗೆ ನಿಲ್ತೈತೋ ಅದು ಆ ಮಗುವಿನ ಗುಂಪು. ಪ್ರಥಮ್ ಸಂಸ್ಥೆಯವ್ರು 2005ರಿಂದ ದೇಶದ ತುಂಬ ಹಳ್ಳಿ ಹಳ್ಳಿಗೆ ಹೋಗಿ ಮಾಡೋ ಅಸರ್ ಸರ್ವೆಯೊಳಗ ಹಿಂಗ ನೋಡ್ತಾರ, ಐದು ನಿಮಿಷದ ಕೆಲಸ, ಪಿಯುಸಿ ಓದಿದ ಯಾರ ಬೇಕಾದ್ರೂ ಮಾಡಬಹುದು. ಲೆಕ್ಕಕ್ಕೂ ಅಷ್ಟ: 1ರಿಂದ 9 ಗುರುತು ಹಿಡಿತೈತಾ, ಎರಡಂಕಿ ಬರ್ತೈತಾ, ದಶಕ ತಗೊಂಡು ಕಳಿತೈತಾ, ಭಾಗಿಸ್ತೈತಾ.

ಮೊದಲ ವರ್ಷ ನಾವು ಇದನ್ನ ಮಾಡದ ತಪ್ಪು ಮಾಡಿದ್ವಿ. ಒಂದರಿಂದ ಏಳನೇತ್ತಿನ ತನ ಎಲ್ಲಾ ಮಕ್ಕಳನ್ನ ಒಂದ ಕ್ವಾಣಿಯೊಳಗ ಕುಂದ್ರಿಸಿ ಬೋರ್ಡ್ ಮ್ಯಾಲ ಬರದ್ವಿ, ದೊಡ್ಡವು ಬ್ಯಾಸರ ಮಾಡ್ಕೊಂಡ್ವು, ಸಣ್ಣವು ನಿದ್ದಿ ಹೋದ್ವು, ಎರಡ ತಿಂಗಳಿಗೆ ಅರ್ಧ ಮಕ್ಳು ಬರೋದು ಬಿಟ್ವು. ಈಗ ತರಗತಿ ನೋಡಂಗಿಲ್ಲ, ಮಟ್ಟ ನೋಡಿ ಗುಂಪು ಮಾಡ್ತೀವಿ. ಆರನೇತ್ತಿನ ಹುಡುಗ ಎರಡನೇತ್ತಿನ ಹುಡುಗಿ ಬಾಜು ಕುಂತು ಪದ ಓದ್ತಾನ, ಮೊದಲ ವಾರ ಮುಖ ಸಣ್ಣ ಮಾಡ್ಕೊಂಡಿದ್ದ, ಆಮೇಲೆ ತಾನ ಆಕಿಗೆ ಹೇಳ್ಕೊಡಾಕ ಹತ್ತಿದ.

ಮಕ್ಳು ಎಲ್ಲಿ ಹೆಚ್ಚು ಸಿಕ್ಕಿ ಬೀಳ್ತಾವ?

ಒತ್ತಕ್ಷರದಾಗ. ಕಾಗುಣಿತದ ತನ ಹೆಂಗೋ ಬರ್ತಾವ, ಒತ್ತು ಬಂತಂದ್ರ ನಿಂತ್ಬಿಡ್ತಾವ. ಒಬ್ಬ ಹುಡುಗ "ಅಕ್ಕ" ಅನ್ನೋದನ್ನ "ಅಕ" ಅಂತ ಓದ್ತಿದ್ದ. ಕೆಳಗಿನ ಸಣ್ಣ ಗುರುತು ಏನು ಅಂತ ಕೇಳಿದ್ರ ಅದು ಚಿತ್ರ ಅಂದ. ಸುಳ್ಳಲ್ರಿ, ಅವನಿಗೆ ಅದು ಅಕ್ಷರ ಅಂತ ಯಾರೂ ಹೇಳೇ ಇರಲಿಲ್ಲ. ನಾವು ಪಾಠದ ಪುಸ್ತಕ ಬಿಟ್ಟು ಮನಿ ಮಾತು ತಗೊಂಡ್ವಿ. ಅವ್ವ, ಅಪ್ಪ, ಅಕ್ಕ, ಅಣ್ಣ, ರೊಟ್ಟಿ, ಬೆಲ್ಲ, ಎತ್ತು, ಹತ್ತಿ. ಎಲ್ಲಾದ್ರಾಗೂ ಒತ್ತು ಐತಿ ನೋಡ್ರಿ. ಒಂದೊಂದ ಪದ ರಟ್ಟಿನ ತುಂಡಿನ ಮ್ಯಾಲ ದೊಡ್ಡದಾಗಿ ಬರದು, ಒತ್ತಿಗೆ ಅಷ್ಟ ಕೆಂಪು ಬಣ್ಣ. ಮೂರು ವಾರಕ್ಕ ಆ ಹುಡುಗ ಬಸ್ಸಿನ ಬೋರ್ಡ್ ಮ್ಯಾಲ "ಕೊಪ್ಪಳ" ಓದಿದ, ಕಂಡಕ್ಟರಿಗೂ ಓದಿ ಹೇಳಿದ ಅಂತ ಅವರವ್ವ ಬಂದು ಹೇಳಿ ಹೋದ್ಲು.

ಇನ್ನೊಂದು ಮಾತು. ಪುಸ್ತಕದಾಗ "ಮನೆಯಲ್ಲಿ ಬೆಕ್ಕು ಇದೆ" ಅಂತ ಇರ್ತೈತಿ, ನಮ್ಮ ಮಗು "ಮನ್ಯಾಗ ಬೆಕ್ಕು ಐತಿ" ಅಂತ ಓದ್ತೈತಿ. ಅದನ್ನ ತಪ್ಪು ಅಂತ ಬೈಬ್ಯಾಡ್ರಿ. ಅದಕ್ಕ ಅರ್ಥ ತಿಳದೈತಿ, ತಿಳದದ್ದನ್ನ ತನ್ನ ಮಾತಿನ್ಯಾಗ ಹೇಳ್ತೈತಿ. ಶಭಾಷ್ ಅಂದು, ಪುಸ್ತಕದಾಗ ಹೆಂಗ ಐತಿ ಮತ್ತೊಮ್ಮೆ ಬೆರಳಿಟ್ಟು ನೋಡೋಣ ಬಾ ಅನ್ರಿ, ಸಾಕು.

ಯಾರು ಕಲಸ್ತಾರ? ಸಾಲಿ ಮಾಸ್ತರ್‌ನ ಸಂಜಿಕೂ ಕರೀಬಹುದಾ?

ನಮ್ಮಲ್ಲಿ ಪಿಯುಸಿ, ಡಿಗ್ರಿ ಮುಗಿಸಿ ಮನ್ಯಾಗ ಇರೋ ನಾಲ್ಕು ಹೆಣ್ಮಕ್ಳು, ಇಬ್ಬರು ಗಂಡಹುಡುಗ್ರು. ಸಂಜಿ ಹೆಣ್ಮಕ್ಕಳನ್ನ ಹೊರಗ ಕಳಸಾಕ ಮನಿಯವ್ರು ಹಿಂದ ಮುಂದ ನೋಡಿದ್ರು, ಊರ ಸ್ತ್ರೀಶಕ್ತಿ ಸಂಘದ ಇಬ್ಬರು ಹಿರೇರು ದಿನಾ ಬಂದು ಅಲ್ಲೇ ಕುಂದರ್ತಾರ, ಹಂಗಾಗಿ ನಡೀತೈತಿ. ಮಾಸ್ತರ್ ತಾವಾಗೇ ಬಂದು ಮಾರ್ಗದರ್ಶನ ಮಾಡಿದ್ರ ಸಂತೋಷ, ಆದ್ರ ರೊಕ್ಕ ಕೊಟ್ಟು ಟ್ಯೂಷನ್ ಹೇಳಸಬ್ಯಾಡ್ರಿ, ಶಿಕ್ಷಕರು ಖಾಸಗಿ ಪಾಠ ಮಾಡಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯೊಳಗ ಇದ್ದೇ ಐತಿ.

ಓದಾಕ ಬರದ ಅವ್ವ ಮಕ್ಕಳಿಗೆ ಏನ್ ಮಾಡಾಕ ಆಗ್ತೈತಿ?

ಬಹಳ ಆಗ್ತೈತಿ, ಇದನ್ನ ಒತ್ತಿ ಹೇಳ್ತೀನಿ. ರಾತ್ರಿ ರೊಟ್ಟಿ ಬಡಿಯೋ ಮುಂದ ಮಗುನ ಬಾಜು ಕುಂದ್ರಿಸ್ಕೊಂಡು ಓದಿ ಹೇಳು ಅಂದ್ರ ಸಾಕು. ಓದಿದ್ದು ಸರಿನೋ ತಪ್ಪೋ ಆಕಿಗೆ ತಿಳಿಯಂಗಿಲ್ಲ, ಆದ್ರ ತಡವರಿಸ್ತಾನೋ ಸರಳ ಓದ್ತಾನೋ ಅನ್ನೋದು ಕಿವಿಗೆ ಗೊತ್ತಾಗ್ತೈತಿ, ಕಥಿ ಅರ್ಥ ಆಗದಿದ್ರ ಏನಾತು ಆಮೇಲೆ ಅಂತ ಕೇಳ್ತಾಳ. ಲೆಕ್ಕದಾಗ ಅಂತೂ ನಮ್ಮ ಹೆಣ್ಮಕ್ಳು ಗಟ್ಟಿಗ್ಯಾರು. ಸಂತಿಗೆ ಹೋಗಿ ಪಾವು ಕೇಜಿ, ಅರ್ಧ ಕೇಜಿ, ಚಿಲ್ಲರ ಎಲ್ಲಾ ಬಾಯಾಗ ಮಾಡ್ತಾರ. ಒಂದಿನ ಒಬ್ಬ ತಾಯಿ ಕ್ಲಾಸಿಗೆ ಬಂದು ಭಾಗಾಕಾರ ಹೇಳ್ಕೊಟ್ಲು. ಪುಟ್ಟಿಯೊಳಗ ಹದಿನೇಳು ರೊಟ್ಟಿ, ಐದು ಮಂದಿ, ಒಬ್ಬೊಬ್ಬರಿಗೆ ಎಷ್ಟು, ಉಳಿದದ್ದೆಷ್ಟು? ಶೇಷ ಅನ್ನೋ ಪದ ಆಕಿಗೆ ಗೊತ್ತಿರಲಿಲ್ಲ, ಉಳಿದ ಎರಡು ನಾಯಿಗೆ ಅಂದ್ಲು. ಮಕ್ಳು ಇವತ್ತಿಗೂ ಶೇಷ ಬಂದ್ರ ನಾಯಿ ಪಾಲು ಅಂತಾವ, ಮರ್ಯಂಗಿಲ್ಲ.

ರೊಕ್ಕ ಎಷ್ಟು ಬೇಕು, ಎಲ್ಲಿಂದ ತರೋದು?

ಅನ್ಕೊಂಡಷ್ಟು ಬೇಕಾಗಿಲ್ಲ. ಪಾಟಿ, ಬಳಪ, ರಟ್ಟು, ಎರಡು ಚಾರ್ಜಿಂಗ್ ಬಲ್ಬ್ (ಕರೆಂಟ್ ನಂಬಾಕ ಬರಂಗಿಲ್ಲ), ಕಲಸೋ ಹುಡುಗ್ಯಾರಿಗೆ ತಿಂಗಳಿಗೆ ಕೈಖರ್ಚಿಗೆ ಒಂದಿಷ್ಟು. ಪುಕ್ಕಟೆ ಮಾಡಸಬ್ಯಾಡ್ರಿ, ಆರು ತಿಂಗಳಿಗೆ ಬಿಟ್ಟು ಹೋಗ್ತಾರ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದವ್ರು ವಾರದ ಉಳಿತಾಯದ ಜೋಡಿ ಮನಿಗೆ ಐದು ರೂಪಾಯಿ ಬ್ಯಾರೆ ಎತ್ತಿ ಇಡ್ತಾರ. ಸುಗ್ಗಿ ಟೈಮಿನ್ಯಾಗ ರೊಕ್ಕ ಇಲ್ಲದವ್ರು ಕಡ್ಲಿ, ಜ್ವಾಳ ಕೊಡ್ತಾರ, ಅದನ್ನ ಮಾರಿ ಜಮಾ ಮಾಡ್ತೀವಿ. ಪ್ರತಿ ಅಮಾಸಿಗೆ ಬಂದದ್ದೆಷ್ಟು ಹೋದದ್ದೆಷ್ಟು ಅಂತ ಸಾಲಿ ಗ್ವಾಡಿ ಮ್ಯಾಲ ಸೀಮೆಸುಣ್ಣದಾಗ ಬರಿತೀವಿ, ಏಳನೇತ್ತಿನ ಮಕ್ಕಳ ಕೈಲೇ ಬರಸ್ತೀವಿ. ರೊಕ್ಕದ ವಿಷಯದಾಗ ಒಂದು ಸಲ ಗುಸುಗುಸು ಶುರು ಆತಂದ್ರ ಮುಗೀತು, ಎಂಥಾ ಒಳ್ಳೆ ಕೆಲಸನೂ ನಿಲ್ತೈತಿ, ಅದಕ್ಕ ಗ್ವಾಡಿ ಲೆಕ್ಕ ಬಿಡಬ್ಯಾಡ್ರಿ.

ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಂತ ಐತಲ್ಲ, ಅದು ಏನ್ ಮಾಡ್ಬೇಕು?

ಬಹಳ ಊರಾಗ ಎಸ್‌ಡಿಎಂಸಿ ಅಂದ್ರ ಆಗಸ್ಟ್ 15ಕ್ಕ ಧ್ವಜದ ಬಾಜು ನಿಂದ್ರೋ ಅಧ್ಯಕ್ಷರು ಅಷ್ಟ ಅಂತ ತಿಳ್ಕೊಂಡಾರ. ನಮ್ಮ ರಾಜ್ಯದಾಗ ಇದು 2001ರಿಂದ ಐತಿ, 2010ರ ಏಪ್ರಿಲ್ 1ಕ್ಕ ಶಿಕ್ಷಣ ಹಕ್ಕು ಕಾಯ್ದೆ ಜಾರಿ ಆದಮ್ಯಾಲ ಕಾನೂನಿನ ಬಲನೂ ಬಂತು. ಸಮಿತಿಯೊಳಗ ನಾಲ್ಕರಾಗ ಮೂರು ಪಾಲು ತಂದಿ ತಾಯಿ ಇರ್ಬೇಕು, ಅರ್ಧ ಹೆಣ್ಮಕ್ಳು ಇರ್ಬೇಕು. ಸಾಲಿ ಹೆಂಗ ನಡೀತೈತಿ ನೋಡೋದು, ಬಂದ ಅನುದಾನ ಎಲ್ಲಿ ಖರ್ಚಾತು ಕೇಳೋದು, ಸಾಲಿ ಅಭಿವೃದ್ಧಿ ಯೋಜನೆ ಬರಿಯೋದು, ಈ ಮೂರೂ ಅವರ ಕೆಲಸ. ಯೋಜನೆ ಬರದು ಕೊಟ್ರ ಅದು ಕಾಗದದ ಮ್ಯಾಲ ಉಳಿತೈತಿ, ನಾಳೆ ಕೇಳಾಕ ಆಧಾರ ಆಗ್ತೈತಿ. ಕಾಂಪೌಂಡ್, ಆಟದ ಮೈದಾನದಂಥ ಕೆಲಸ ನರೇಗಾದಾಗ ಎಷ್ಟೋ ಸಾಲಿಗೆ ಆಗ್ಯಾವ, ಪಂಚಾಯ್ತಿಯೊಳಗ ಬೆನ್ನು ಹತ್ತಿದವ್ರಿಗೆ ಆಗ್ಯಾವ. ನವೆಂಬರ್ ಸುಮಾರಿಗೆ ಮಕ್ಕಳ ಗ್ರಾಮ ಸಭೆ ಮಾಡ್ತಾರ, ಅಲ್ಲಿ ಮಕ್ಳೇ ಎದ್ದು ಟಾಯ್ಲೆಟ್ಟಿಗೆ ನೀರಿಲ್ಲ ಅಂದ್ರ ದೊಡ್ಡವರು ಹೇಳಿದ್ದಕ್ಕಿಂತ ಲಗೂನ ಆಗ್ತೈತಿ, ನಾವು ಕಣ್ಣಾರೆ ನೋಡೀವಿ.

ಗುಳೆ ಹೋಗೋರ ಮಕ್ಕಳ ಕಥಿ ಏನು?

ಇದು ನಮ್ಮ ಕಡೆ ಎಲ್ಲಾದ್ರಕ್ಕಿಂತ ದೊಡ್ಡ ಹುಣ್ಣು. ಮಳಿ ಕೈಕೊಡ್ತು ಅಂದ್ರ ದೀಪಾವಳಿ ಮುಗದ ಕೂಡ್ಲೆ ಮನಿಗೆ ಕೀಲಿ ಹಾಕಿ ಬೆಂಗಳೂರು, ಮಂಗಳೂರು, ಗೋವಾ, ಪುಣೆ ಅಂತ ದುಡಿಯಾಕ ಹೋಗ್ತಾರ, ಯುಗಾದಿಗೋ ಮುಂಗಾರಿಗೋ ವಾಪಸ್ ಬರ್ತಾರ. ಮಕ್ಳು ಜೋಡಿ ಹೋದ್ವಂದ್ರ ಅರ್ಧ ವರ್ಷದ ಓದು ಹೋತು, ಅಷ್ಟ ಅಲ್ಲ, ಬರೋ ಹೊತ್ತಿಗೆ ಹಿಂದಿಂದೂ ಮರ್ತಿರ್ತಾವ.

ನಾವು ಮಾಡಿದ್ದು ಹೇಳ್ತೀನಿ. ದಸರಾ ಆದಮ್ಯಾಲ ಮನಿ ಮನಿಗೆ ಹೋಗಿ ಯಾರು ಹೊಂಟೀರಿ ಅಂತ ಬರ್ಕೊಂಡ್ವಿ. ಅಜ್ಜ ಅಜ್ಜಿ ಊರಾಗ ಉಳಿಯೋ ಮನಿ ಇದ್ರ ಮಗುನ ಬಿಟ್ಟು ಹೋಗ್ರಿ, ಸಂಜಿ ನಾವು ನೋಡ್ಕೋತೀವಿ ಅಂದ್ವಿ. ಬರೀ ಬಾಯಿ ಮಾತಲ್ಲ, ಬಾಜು ಮನಿಯವ್ರು ಒಬ್ಬರು ಆ ಮಗುವಿನ ಜಿಮ್ಮಾ ಹೊತ್ಕೊಂಡ್ರು, ಜ್ವರ ಬಂದ್ರ ಆಸ್ಪತ್ರಿಗೆ ಅವರ ಹೋಗ್ಬೇಕು. ಎಲ್ಲಾರೂ ಬಿಟ್ಟು ಹೋಗ್ಲಿಲ್ಲ, ಆದ್ರ ಕೆಲವ್ರು ಬಿಟ್ರು. ಯಾರೂ ಇಲ್ಲದ ಮನಿ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ (ಗುಳೆ ಟೈಮಿನ್ಯಾಗ ಮಕ್ಕಳನ್ನ ಇಟ್ಕೊಳ್ಳೋ ಹಾಸ್ಟೆಲ್) ಹತ್ರ ಎಲ್ಲರ ನಡೀತೈತೇನು ಅಂತ ಬಿಇಓ ಆಫೀಸಿನ್ಯಾಗ ಮೊದಲ ಕೇಳಿ ಇಡ್ರಿ. ಕರ್ಕೊಂಡ ಹೋಗ್ತೀವಿ ಅನ್ನೋರಿಗೆ ಹೋದ ಊರಾಗ ಸರ್ಕಾರಿ ಸಾಲಿಗೆ ಸೇರಸ್ರಿ, ಟಿಸಿ ತಡ ಆತು ಅಂತ ಮಗುನ ಹೊರಗ ಹಾಕಾಕ ಬರಂಗಿಲ್ಲ, ಅದು ಕಾಯ್ದೆ ಅಂತ ಹೇಳಿ ಕಳಸ್ರಿ. ಜೋಡಿ ಎರಡು ಕಥಿ ಪುಸ್ತಕ, ಒಂದು ನೋಟ್‌ಬುಕ್ ಕಟ್ಟಿ ಕೊಡ್ತೀವಿ. ಕಲಸೋ ಹುಡುಗಿ ಭಾನುವಾರ ರಾತ್ರಿ ಫೋನ್ ಹಚ್ಚಿ ಒಂದು ಪುಟ ಓದು ಅಂತಾಳ. ಬೆಂಗಳೂರಿನ ಬಿಲ್ಡಿಂಗ್ ಸೈಟಿನಿಂದ ಒಂದು ಮಗು ಫೋನಿನ್ಯಾಗ ಓದೋದು, ಹಿಂದ ಕಾಂಕ್ರೀಟ್ ಮಿಷಿನ್ ಸಪ್ಪಳ, ಅದನ್ನ ಕೇಳೋ ಮುಂದ ಕಣ್ಣಾಗ ನೀರು ಬರ್ತಾವ್ರಿ.

ಸೀಡ್ಸ್ ಹೊಲದಾಗ ಕೆಲಸಕ್ಕ ಹೋಗೋ ಮಕ್ಳು?

ಹೈಬ್ರಿಡ್ ಹತ್ತಿ ಬೀಜ ಮಾಡೋ ಹೊಲ ನಮ್ಮ ಕಡೆ ಬಹಳ. ಸಂಜಿಕ ಹೆಣ್ಣು ಗಿಡದ ಮೊಗ್ಗು ಸುಲೀಬೇಕು, ಮರುದಿನ ಮುಂಜಾನಿ ಗಂಡು ಹೂವು ತಂದು ಒಂದೊಂದಕ್ಕ ಒರೆಸ್ಬೇಕು, ಅದಕ್ಕ ಕ್ರಾಸಿಂಗ್ ಅಂತಾರ. ಸಣ್ಣ ಬೆರಳು ಚುರುಕು, ಗಿಡದ ಎತ್ತರಕ್ಕ ಸರಿ ಆಗ್ತಾವ, ಕೂಲಿ ಕಡಿಮಿ, ಹಂಗಾಗಿ ಮಕ್ಕಳನ್ನ ಕರೀತಾರ. ಔಷಧ ಹೊಡೆದ ಹೊಲದಾಗ ದಿನಾ ನಿಂದರ್ತಾವ. 14 ವರ್ಷದೊಳಗಿನ ಮಕ್ಕಳನ್ನ ಕೂಲಿಗೆ ಹಚ್ಚೋದು ಕಾನೂನಿನ್ಯಾಗ ಅಪರಾಧ. ಆದ್ರ ನಾವು ಮೊದಲ ಕಾನೂನು ಹೇಳ್ಲಿಲ್ಲ, ಸಂಘದ ಹೆಣ್ಮಕ್ಳು ಹೊಲದ ಮಾಲಕರ ಮನಿಗೆ ಹೋಗಿ, ನಿಮ್ಮ ಮಗ ಗಂಗಾವತಿಯೊಳಗ ಓದ್ತಾನ, ನಮ್ಮ ಮಗ ನಿಮ್ಮ ಹೂವು ಒರಸ್ತಾನ, ಇದು ಸರಿ ಏನಪ್ಪಾ ಅಂತ ಕೇಳಿದ್ರು. ಇಬ್ಬರು ಒಪ್ಪಿದ್ರು, ಒಬ್ಬರು ಒಪ್ಪಲಿಲ್ಲ. ಒಪ್ಪದಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಾಕ ಅಂಜಬ್ಯಾಡ್ರಿ. ಆ ಸೀಸನ್‌ನ್ಯಾಗ ದೊಡ್ಡವರ ಕೂಲಿ ಜಾಸ್ತಿ ಮಾಡ್ರಿ ಅಂತನೂ ಸಂಘ ಕುಂತು ಮಾತಾಡ್ಬೇಕು, ಯಾಕಂದ್ರ ಮನ್ಯಾಗ ರೊಕ್ಕ ಸಾಲದಿದ್ರ ಮಗು ಮತ್ತ ಹೊಲಕ್ಕನ ಹೋಗ್ತೈತಿ.

ಏಳನೇತ್ತು ಮುಗದ ಹುಡುಗ್ಯಾರನ್ನ ಬಿಡಸ್ತಾರ, ಏನ್ ಮಾಡೋದು?

ಹೈಸ್ಕೂಲ್ ದೂರ, ಬಸ್ಸು ಟೈಮಿಗಿಲ್ಲ, ಹುಡುಗಿ ದೊಡ್ಡಾಕಿ ಆದ್ಲು, ಇವು ಮೂರು ಕಾರಣ ಹೇಳ್ತಾರ. ಬಸ್ಸಿಗೆ ಡಿಪೋ ಮ್ಯಾನೇಜರಿಗೆ ಊರ ಸಹಿ ಹಾಕಿ ಅರ್ಜಿ ಕೊಡ್ರಿ, ಬಸ್ಸು ಬರೋ ತನ ನಾಲ್ಕೈದು ಹುಡುಗ್ಯಾರು ಒಟ್ಟಿಗೆ ಹೋಗೋಹಂಗ ಮಾಡ್ರಿ, ಒಬ್ಬಾಕಿ ಬಿಟ್ರ ಉಳಿದವ್ರೂ ಬಿಡ್ತಾರ. ಕಸ್ತೂರ್ಬಾ ಬಾಲಿಕಾ ವಿದ್ಯಾಲಯದಾಗ ಉಳಿಯೋದು, ಊಟ, ಓದು ಎಲ್ಲಾ ಪುಕ್ಕಟೆ, ಆರನೇತ್ತಿಗೆ ಸೇರಿಸಿದ್ರ ಏಳನೇತ್ತಿನ ಈ ಗಂಡಾಂತರನೇ ಬರಂಗಿಲ್ಲ. ಮದುವಿ ಮಾತು ಬಂದ್ರ ಗಟ್ಟಿಯಾಗಿ ನಿಂದ್ರಬೇಕು. 18 ತುಂಬದ ಹುಡುಗಿ ಮದುವಿ ಮಾಡಿಸಿದವ್ರಿಗೆ, ಅಕ್ಷತೆ ಹಾಕಸಿದ ಸ್ವಾಮ್ಯಾರಿಗೂ 2006ರ ಕಾಯ್ದೆ ಪ್ರಕಾರ ಎರಡು ವರ್ಷದ ತನ ಜೈಲು, ಲಕ್ಷ ರೂಪಾಯಿ ತನ ದಂಡ ಐತಿ.

ತಾಂಡಾ ಮಕ್ಕಳಿಗೆ, ಕ್ಯಾಂಪಿನ (ತೆಲುಗು ಮಂದಿ ಬಂದು ನೆಲೆಸಿದ ಊರಿನ) ಮಕ್ಕಳಿಗೆ ಕನ್ನಡನೇ ಬರಂಗಿಲ್ಲಲ್ಲ?

ಮನ್ಯಾಗ ಲಂಬಾಣಿ, ತೆಲುಗು, ಉರ್ದು ಮಾತಾಡೋ ಮಗು ಒಂದನೇತ್ತಿಗೆ ಬಂದಾಗ ಮಾಸ್ತರ್ ಹೇಳಿದ್ದು ತಿಳಿಯಂಗಿಲ್ಲ, ಸುಮ್ಮನ ಕುಂದರ್ತೈತಿ, ದಡ್ಡ ಅಂತ ಹೆಸರಿಡ್ತಾರ. ಮೊದಲ ಮೂರು ತಿಂಗಳು ಅಕ್ಷರ ಹಿಡಿಸಬ್ಯಾಡ್ರಿ. ಆಟ, ಹಾಡು, ಕಥಿ, ಎರಡೂ ಮಾತಿನ್ಯಾಗ. ತಾಂಡಾದ ಒಬ್ಬಾಕಿ ಹಿರಿ ಹುಡುಗಿನ ಕಲಸಾಕ ತಗೊಳ್ರಿ, ಆಕಿ ಒಂದ ಮಾತು ಲಂಬಾಣಿಯೊಳಗ ಅಂದ್ರ ಮಗುವಿನ ಮುಖ ಅರಳ್ತೈತಿ.

ಎಲ್ಲಿ ಕುಂದ್ರಸೋದು? ಗುಡಿ ಐತಲ್ಲ ದೊಡ್ಡದು?

ಗುಡಿ ಬ್ಯಾಡ್ರಿ, ಬೇಕಂತನ ಹೇಳ್ತೀನಿ. ಕೆಲವು ಊರಾಗ ಗುಡಿ ಕಟ್ಟಿ ಮ್ಯಾಲ ಎಲ್ಲಾ ಓಣಿ ಮಕ್ಳು ಬರಂಗಿಲ್ಲ, ಬಂದ್ರೂ ಮೂಲ್ಯಾಗ ಕುಂದರ್ತಾವ. ಸಾಲಿ ಪಡಸಾಲಿ ಎಲ್ಲಾರದು. ಕೀಲಿ ಕೈ ಹೆಡ್ ಮಾಸ್ತರ್‌ನ ಕೇಳ್ರಿ, ಎಸ್‌ಡಿಎಂಸಿ ಠರಾವು ಮಾಡಿ ಕೊಟ್ರ ಅವರಿಗೂ ಧೈರ್ಯ. ನೀರಿನ ಕೊಡ ಒಂದ, ಲೋಟ ಒಂದ. ಇದರಾಗ ರಾಜಿ ಮಾಡ್ಕೊಂಡ್ರ ಯಾರಿಗೆ ಬೇಕಿತ್ತೋ ಆ ಮಕ್ಳೇ ಹೊರಗ ಉಳಿತಾವ.

ಬಿಸಿಯೂಟ ಊರವ್ರು ನೋಡಬಹುದಾ?

ನೋಡಲೇಬೇಕು. 2002ರಾಗ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, ಮೊದಲು ಶುರು ಆಗಿದ್ದ ನಮ್ಮ ಈಶಾನ್ಯ ಜಿಲ್ಲೆಗಳಾಗ, 2021ರ ಡಿಸೆಂಬರ್‌ನ್ಯಾಗ ತತ್ತಿ ಕೊಡೋದೂ ಮೊದಲು ನಮ್ಮ ಕಡೆನ ಬಂತು. ನಮ್ಮೂರಾಗ ದಿನಕ್ಕ ಒಬ್ಬ ತಾಯಿ ಪಾಳಿ ಮ್ಯಾಲ ಹೋಗಿ ಮಕ್ಕಳ ಜೋಡಿ ಕುಂತು ಉಂಡು ಬರ್ತಾಳ.

ಪುಸ್ತಕ ಎಲ್ಲಿ ಸಿಗ್ತಾವ?

ನಿಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಯೊಳಗ. ಓದುವ ಬೆಳಕು ಕಾರ್ಯಕ್ರಮ 2020ರಾಗ ಬಂದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಎಷ್ಟೋ ಕಡೆ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಿರ್ತಾರ, ಹರಿದ್ರ ಯಾರು ಜವಾಬ್ದಾರಿ ಅಂತ. ಹರೀಲಿ ಬಿಡ್ರಿ, ಅಂಟು ಹಚ್ಚಿ ಜೋಡಿಸೋಣ, ಕೊಡ್ರಿ ಅಂತ ಹೋಗಿ ಕೇಳ್ರಿ.

ಸ್ಮಾರ್ಟ್ ಟಿವಿ, ಟ್ಯಾಬ್ ಬೇಕಾ?

ಬ್ಯಾಡ. ನಾವೊಂದು ಟಿವಿ ತಗೊಂಡಿದ್ವಿ, ಮೂರು ತಿಂಗಳಿಗೆ ಕೆಟ್ಟು ಕುಂತು, ರಿಪೇರಿಗೆ ಜಿಲ್ಲಾ ಊರಿಗೆ ಹೊತ್ಕೊಂಡು ಎರಡು ಸಲ ತಿರುಗಾಡಿದ್ವಿ, ಸರಿ ಆಗಲಿಲ್ಲ. ಆ ರೊಕ್ಕದಾಗ ಒಂದು ಕಪಾಟು ತುಂಬ ಕಥಿ ಪುಸ್ತಕ ಬರ್ತಿದ್ವು.

ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಸಾಲಿಗೆ ಹೋಗೋ ಮಕ್ಳು ಬರಬಹುದಾ?

ಬರ್ತಾವ. ಹಳದಿ ವ್ಯಾನ್ ಹತ್ತಿ ಹೋಗಿ ಬರೋ ಮಕ್ಕಳಾಗನೂ ಕನ್ನಡನೂ ಓದಾಕ ಬರದ, ಇಂಗ್ಲಿಷೂ ತಿಳಿಯದವು ಇದಾವ. ಸಾಲ ಮಾಡಿ ಫೀ ಕಟ್ಟೋ ತಂದಿ ತಾಯಿಗೆ ನಾನು ಹೇಳೋದು ಒಂದ, ಮಗುನ ಕುಂದ್ರಿಸ್ಕೊಂಡು ಒಂದು ಪುಟ ಓದಸ್ರಿ, ಆಮೇಲೆ ತೀರ್ಮಾನ ಮಾಡ್ರಿ.

ನವೋದಯ, ಮೊರಾರ್ಜಿ ವಸತಿ ಸಾಲಿ ಪರೀಕ್ಷೆಗೆ ತಯಾರಿ ಮಾಡಸ್ತೀರಾ?

ಐದನೇತ್ತಿನ್ಯಾಗ ಓದು ಲೆಕ್ಕ ಗಟ್ಟಿ ಇದ್ದವ್ರಿಗೆ ಫಾರ್ಮ್ ತುಂಬಸ್ತೀವಿ, ಹಳೆ ಪೇಪರ್ ಬಿಡಿಸಸ್ತೀವಿ. ಕುಕನೂರು ನವೋದಯ ನಮಗ ಹತ್ರ. ಆದ್ರ ಸಂಜಿ ಟೈಮ್ ಪೂರ್ತಿ ಅದಕ್ಕ ಕೊಡಂಗಿಲ್ಲ, ಹಿಂದ ಉಳದ ಮಗುವಿಗೆ ಆ ಟೈಮ್ ಹೆಚ್ಚು ಬೇಕು.

ನಿಮ್ಮೂರಿಗೆ ಬಂದು ನೋಡಬಹುದಾ?

ಬರ್ರಿ. ಸಂಜಿ ಆರೂವರಿಗೆ ಸಾಲಿ ಪಡಸಾಲಿಗೆ ಬಂದ್ರ ಎಲ್ಲಾ ಅಲ್ಲೇ ಇರ್ತೀವಿ, ಅಮಾಸಿ ದಿನ ಮಾತ್ರ ರಜಾ. ಒಬ್ಬರ ಬರಬ್ಯಾಡ್ರಿ, ನಿಮ್ಮೂರ ಇಬ್ಬರು ತಾಯಂದಿರನ್ನ ಕರ್ಕೊಂಡು ಬರ್ರಿ, ನೋಡಿ ಹೋದಮ್ಯಾಲ ಮುಂದ ನಡಸೋರು ಅವರ. ಊಟ ನಮ್ಮಲ್ಲೇ ಆಗ್ತೈತಿ, ರೊಟ್ಟಿ, ಪುಂಡಿ ಪಲ್ಯ. ಬಂದ ದಿನ ಒಂದು ಮಗುನ ಬಾಜು ಕುಂದ್ರಿಸ್ಕೊಂಡು ನೀವೂ ಒಂದು ಪುಟ ಓದಸಿ ಹೋಗ್ರಿ.